ಪ್ರಿಂಟರ್‌ಗೆ ಬೇಕಾದಷ್ಟೇ ಅಧಿಕಾರ: ಲಿನಕ್ಸ್‌ನಲ್ಲಿ ಗುಂಪುಗಳ ಅನುಮತಿ ಹೊಂದಿಸುವ ಸಮಗ್ರ ಮಾರ್ಗದರ್ಶಿ

ಮಳೆಗಾಲ ಹಿಡಿಯಿತು ಅಂದರೆ ಮಲೆನಾಡಿನ ಸಣ್ಣ ಆಫೀಸು, ಜೆರಾಕ್ಸ್ ಅಂಗಡಿಗಳಲ್ಲಿ ಒಂದು ಗೋಳು ಮಾಮೂಲು. ಕರೆಂಟ್ ಹೋಗುತ್ತದೆ, ಬರುತ್ತದೆ, ಮತ್ತೆ ಹೋಗುತ್ತದೆ. ಯುಪಿಎಸ್ ಮೇಲಿರುವ ಕಂಪ್ಯೂಟರ್ ಬದುಕಿರುತ್ತದೆ. ಲೇಸರ್ ಪ್ರಿಂಟರನ್ನು ಸಣ್ಣ ಯುಪಿಎಸ್ ತಾಳುವುದಿಲ್ಲ ಅಂತ ನೇರ ಗೋಡೆಗೆ ಹಾಕಿರುತ್ತಾರೆ, ಅದು ಆರಿ ಹೋಗುತ್ತದೆ. ಪ್ರಿಂಟರ್ ಕೈಗೆ ಸಿಗದಿದ್ದಾಗ ಲಿನಕ್ಸ್ ಅದನ್ನು ‘ಪಾಜ್ಡ್’ (ತಡೆಹಿಡಿದಿದೆ) ಎಂದು ನಿಲ್ಲಿಸಿಬಿಡಬಹುದು. ಆಮೇಲೆ ಕರೆಂಟ್ ಬಂದರೂ ಪ್ರಿಂಟ್ ಬರುವುದಿಲ್ಲ. ಕೌಂಟರಿನಲ್ಲಿ ಕೂತವರು ‘ರೆಸ್ಯೂಮ್’ ಒತ್ತಿದರೆ ಪಾಸ್‌ವರ್ಡ್ ಕೇಳುತ್ತದೆ. ತಮ್ಮ ಪಾಸ್‌ವರ್ಡ್ ಹಾಕಿದರೆ ‘ಫರ್ಬಿಡನ್’. ಎದುರಿಗೆ ಪಹಣಿ ಪ್ರಿಂಟ್‌ಗೆ ಬಂದವರ ಸಾಲು. ಯಜಮಾನರು ಅಡಿಕೆ ಮಂಡಿ ಅಂತ ಶಿವಮೊಗ್ಗಕ್ಕೆ ಹೋಗಿರುತ್ತಾರೆ.

ಆಗ ಸಾಮಾನ್ಯವಾಗಿ ಆಗುವುದು ಎರಡೇ. ಒಂದೋ ಯಜಮಾನರು ಫೋನಿನಲ್ಲೇ ತಮ್ಮ ಪಾಸ್‌ವರ್ಡ್ ಹೇಳಿಬಿಡುತ್ತಾರೆ. ಇಲ್ಲವೇ ‘ತಲೆನೋವೇ ಬೇಡ ಮಾರಾಯ್ರೆ’ ಅಂತ ಎಲ್ಲರಿಗೂ ಸುಡೊ ಅಧಿಕಾರ (ಯಂತ್ರದಲ್ಲಿ ಏನು ಬೇಕಾದರೂ ಬದಲಿಸುವ ಹಕ್ಕು) ಕೊಟ್ಟುಬಿಡುತ್ತಾರೆ. ಅಂಗಳದಲ್ಲಿ ಅಡಿಕೆ ಹರವಲು ಬಂದವನ ಕೈಗೆ ಗೋಡ್ರೇಜ್ ಬೀರುವಿನ ಕೀಲಿ ಕೊಟ್ಟ ಹಾಗೆ ಇದು. ಎರಡೂ ಬೇಕಿಲ್ಲ. ನಿಂತ ಪ್ರಿಂಟರನ್ನು ಮತ್ತೆ ಓಡಿಸುವಷ್ಟು ಅಧಿಕಾರ ಮಾತ್ರ ಕೊಡಲು ಲಿನಕ್ಸ್‌ನಲ್ಲಿ ದಾರಿ ಇದೆ. ಆದರೆ ಅದು ಡೀಫಾಲ್ಟ್ ಆಗಿ ಬರುವುದಿಲ್ಲ, ನಾವೇ ಹೊಂದಿಸಬೇಕು.

ಓದುವ ಮುಂಚೆ ಒಂದು ಮಾತು. ಕಮಾಂಡ್‌ಗಳನ್ನು ಇಲ್ಲಿ ಫೋನಿನಲ್ಲಿ ಹೇಳುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಹಾಕಿ. ದೊಡ್ಡಕ್ಷರ ಬೇಕಾದ ಕಡೆ ಹೇಳುತ್ತೇನೆ. ‘ಎಲ್‌ಪಿ’ ಅಂದರೆ ಎಲ್, ಪಿ ಎಂಬ ಎರಡಕ್ಷರ. ‘ಇಟಿಸಿ’ ಅಂದರೆ ಇ, ಟಿ, ಸಿ. ‘ಕಾನ್ಫ್’ ಅಂದರೆ ಸಿ, ಓ, ಎನ್, ಎಫ್. ‘ಕಪ್ಸ್’ ಅಂದರೆ ಸಿ, ಯು, ಪಿ, ಎಸ್. ಜಾಗ ಬಿಟ್ಟ ಕಡೆ ಜಾಗ ಬಿಡಿ.

ಉದಾಹರಣೆಗೆ ಒಂದು ಅಂಗಡಿ ಇಟ್ಟುಕೊಳ್ಳೋಣ. ತೀರ್ಥಹಳ್ಳಿ ಪೇಟೆಯಲ್ಲೋ ಸಾಗರದಲ್ಲೋ ಇದೆ ಅಂತಿರಲಿ. ಒಂದೇ ಉಬುಂಟು (ಲಿನಕ್ಸ್‌ನ ಒಂದು ಬಗೆ) ಯಂತ್ರ. ಅದರಲ್ಲಿ ಯಜಮಾನರ ಖಾತೆ ‘ಆಫೀಸ್’, ಕೆಲಸದವರ ಖಾತೆ ‘ಕೌಂಟರ್’. ಪ್ರಿಂಟರ್ ಹೆಸರು ‘ಲೇಸರ್1’.

ಪ್ರಿಂಟ್ ಕೊಡುವುದು ಬೇರೆ, ಪ್ರಿಂಟರ್ ನೋಡಿಕೊಳ್ಳುವುದು ಬೇರೆ

ಲಿನಕ್ಸ್‌ನಲ್ಲಿ ಪ್ರಿಂಟಿಂಗ್ ಕೆಲಸ ನೋಡಿಕೊಳ್ಳುವ ತಂತ್ರಾಂಶ ಕಪ್ಸ್. ಮೈಕಲ್ ಸ್ವೀಟ್ ಎಂಬವರು 1997ರಲ್ಲಿ ಬರೆಯಲು ಶುರು ಮಾಡಿದ್ದು. 2007ರಲ್ಲಿ ಆಪಲ್ ಕೊಂಡುಕೊಂಡಿತು. ಈಗ ಲಿನಕ್ಸ್ ಕಡೆಯ ಬೆಳವಣಿಗೆ ಓಪನ್‌ಪ್ರಿಂಟಿಂಗ್ ತಂಡದ ಕೈಯಲ್ಲಿದೆ. ನೀವು ಉಬುಂಟು ಹಾಕಿದ್ದರೂ ಫೆಡೋರಾ ಹಾಕಿದ್ದರೂ ಒಳಗೆ ಓಡುವುದು ಬಹುತೇಕ ಇದೇ.

ಕಪ್ಸ್‌ನ ಡೀಫಾಲ್ಟ್ ನಿಯಮ ಸರಳ. ಪ್ರಿಂಟ್ ಕೊಡಲು ಯಾವ ಗುಂಪಿನಲ್ಲೂ (ಗುಂಪು ಅಂದರೆ ಒಂದೇ ಬಗೆಯ ಅಧಿಕಾರ ಇರುವ ಖಾತೆಗಳ ಪಟ್ಟಿ) ಇರಬೇಕಿಲ್ಲ. ಯಂತ್ರದಲ್ಲಿ ಖಾತೆ ಇರುವ ಯಾರು ಬೇಕಾದರೂ ಪ್ರಿಂಟ್ ಕೊಡಬಹುದು. ತಾವು ಕೊಟ್ಟ ಪ್ರಿಂಟನ್ನು ತಾವೇ ರದ್ದು ಮಾಡಬಹುದು. ಉಳಿದದ್ದಕ್ಕೆಲ್ಲ, ಅಂದರೆ ಹೊಸ ಪ್ರಿಂಟರ್ ಸೇರಿಸುವುದು, ತೆಗೆಯುವುದು, ನಿಲ್ಲಿಸುವುದು, ಓಡಿಸುವುದು, ಇನ್ನೊಬ್ಬರ ಜಾಬ್ (ಪ್ರಿಂಟ್‌ಗೆ ಕೊಟ್ಟ ಕೆಲಸ) ರದ್ದು ಮಾಡುವುದು, ಇದಕ್ಕೆಲ್ಲ ‘ಸಿಸ್ಟಮ್’ ಗುಂಪಿನವರಾಗಿರಬೇಕು. ಮಧ್ಯದ ಮೆಟ್ಟಿಲು ಇಲ್ಲ. ನಮ್ಮ ಗೋಳಿನ ಮೂಲ ಇಲ್ಲೇ ಇರುವುದು.

ಈ ‘ಸಿಸ್ಟಮ್’ ಗುಂಪು ಯಾವುದು ಎಂದು ಪ್ರತಿ ಲಿನಕ್ಸ್ ತಾನೇ ತೀರ್ಮಾನಿಸುತ್ತದೆ. ಡೆಬಿಯನ್, ಉಬುಂಟು, ಮಿಂಟ್ ಬಳಗದಲ್ಲಿ ಅದರ ಹೆಸರು ‘ಎಲ್‌ಪಿಅಡ್ಮಿನ್’. ಪ್ರಿಂಟರ್ ಸೇರಿಸುವ ಒಂದು ಕಮಾಂಡ್‌ಗೂ ಇದೇ ಹೆಸರಿದೆ. ಹಾಗಾಗಿ ಗುಂಪಿನ ಬಗ್ಗೆ ಹೇಳುತ್ತಿದ್ದಾರೋ ಕಮಾಂಡ್ ಬಗ್ಗೆಯೋ ಅಂತ ನೋಡಿಕೊಂಡು ಓದಿ.

ಇನ್ನೊಂದು ಗುಂಪು ಬರೀ ‘ಎಲ್‌ಪಿ’. ಇದನ್ನು ನೋಡಿ ಮೋಸ ಹೋಗುವವರು ಜಾಸ್ತಿ. ಎಲ್‌ಪಿ ಗುಂಪು ಪ್ರಿಂಟರ್ ನಿರ್ವಹಣೆಗೆ ಇರುವುದಲ್ಲ, ಯುಎಸ್‌ಬಿ ಪ್ರಿಂಟರಿನ ಡಿವೈಸ್ ಫೈಲ್ (ಪ್ರಿಂಟರಿಗೆ ನೇರ ಡೇಟಾ ಹೋಗುವ ಬಾಗಿಲು) ಮುಟ್ಟುವ ಹಕ್ಕಿಗೆ ಇರುವುದು. ಕಪ್ಸ್ ತನ್ನ ಒಳಗಿನ ಸಣ್ಣ ಕೆಲಸಗಳನ್ನು ಎಲ್‌ಪಿ ಎಂಬ ಖಾತೆಯ ಹೆಸರಲ್ಲೇ ಮಾಡಿಸುತ್ತದೆ. ನಿಮ್ಮ ಕೆಲಸದವರನ್ನು ಎಲ್‌ಪಿಗೆ ಸೇರಿಸಿದರೆ ‘ರೆಸ್ಯೂಮ್’ ಬಟನ್ ಕೆಲಸ ಮಾಡುವುದಿಲ್ಲ. ಬದಲಿಗೆ ಕ್ಯೂ ತಪ್ಪಿಸಿ ನೇರ ಪ್ರಿಂಟರಿಗೆ ಡೇಟಾ ಕಳಿಸುವ ಹಕ್ಕು ಸಿಗುತ್ತದೆ, ಅದು ಯಾರಿಗೂ ಬೇಡ. ಕೆಲವು ಸ್ಕ್ಯಾನರ್, ಮಲ್ಟಿಫಂಕ್ಷನ್ ಯಂತ್ರಗಳಿಗೆ ಮಾತ್ರ ಎಲ್‌ಪಿ ಅಥವಾ ‘ಸ್ಕ್ಯಾನರ್’ ಗುಂಪು ಬೇಕಾಗಬಹುದು.

ಈಗ ಏನಿದೆ ಅಂತ ಮೊದಲು ನೋಡಿ

ಏನನ್ನೂ ಬದಲಿಸುವ ಮೊದಲು ಮೂರು ಪ್ರಶ್ನೆಗಳಿಗೆ ಉತ್ತರ ಬೇಕು. ಟರ್ಮಿನಲ್ ತೆರೆಯಿರಿ.

ನಿಮ್ಮ ಯಂತ್ರದಲ್ಲಿ ಸಿಸ್ಟಮ್ ಗುಂಪು ಯಾವುದು?

ಸುಡೊ ಗ್ರೆಪ್ ಸಿಸ್ಟಮ್‌ಗ್ರೂಪ್ /ಇಟಿಸಿ/ಕಪ್ಸ್/ಕಪ್ಸ್-ಫೈಲ್ಸ್.ಕಾನ್ಫ್

ಇಲ್ಲಿ ‘ಸಿಸ್ಟಮ್‌ಗ್ರೂಪ್’ ಒಂದೇ ಪದ, ಎಸ್ ಮತ್ತು ಜಿ ದೊಡ್ಡಕ್ಷರ. ಉಬುಂಟುವಿನಲ್ಲಿ ಉತ್ತರ ‘ಸಿಸ್ಟಮ್‌ಗ್ರೂಪ್ ಎಲ್‌ಪಿಅಡ್ಮಿನ್’ ಎಂದು ಬರುತ್ತದೆ.

ಆ ಗುಂಪಿನಲ್ಲಿ ಯಾರಿದ್ದಾರೆ?

ಗೆಟ್‌ಎಂಟ್ ಗ್ರೂಪ್ ಎಲ್‌ಪಿಅಡ್ಮಿನ್

‘ಎಂಟ್’ ಅಂದರೆ ಇ, ಎನ್, ಟಿ. ಸಾಲಿನ ಕೊನೆಯ ಕೋಲನ್ ಆದ ಮೇಲೆ ಬರುವ ಹೆಸರುಗಳೇ ಸದಸ್ಯರು.

ಕೌಂಟರ್ ಖಾತೆ ಯಾವ ಯಾವ ಗುಂಪಿನಲ್ಲಿದೆ?

ಐಡಿ ಕೌಂಟರ್

ಬಹಳಷ್ಟು ಅಂಗಡಿಗಳಲ್ಲಿ ಎಲ್‌ಪಿಅಡ್ಮಿನ್‌ನಲ್ಲಿ ಒಂದೇ ಹೆಸರು ಕಾಣುತ್ತದೆ, ಅದು ಲಿನಕ್ಸ್ ಹಾಕುವಾಗ ಮಾಡಿದ ಮೊದಲ ಖಾತೆ. ಇದು ಆಕಸ್ಮಿಕವಲ್ಲ. ಇನ್‌ಸ್ಟಾಲ್ ಮಾಡುವಾಗ ಬರುವ ಮೊದಲ ಬಳಕೆದಾರನನ್ನು ಡೆಬಿಯನ್ ಮತ್ತು ಉಬುಂಟು ತಾವಾಗಿಯೇ ಹಲವು ಗುಂಪುಗಳಿಗೆ ಸೇರಿಸುತ್ತವೆ, ಅದರಲ್ಲಿ ಎಲ್‌ಪಿಅಡ್ಮಿನ್ ಸಹ ಒಂದು. ಆಮೇಲೆ ಟರ್ಮಿನಲ್‌ನಲ್ಲಿ ಸೇರಿಸಿದ ಮಾಮೂಲು ಖಾತೆಗಳಿಗೆ ಆ ಭಾಗ್ಯ ಇಲ್ಲ. ಅಂದರೆ ಯಾರಿಗೆ ಅಧಿಕಾರ ಇದೆ ಅನ್ನುವುದು ಅವರ ಕೆಲಸದ ಮೇಲೆ ನಿಂತಿಲ್ಲ, ಅವರ ಖಾತೆ ಯಾವಾಗ ಹುಟ್ಟಿತು ಅನ್ನುವುದರ ಮೇಲೆ ನಿಂತಿದೆ. ಅಂಗಡಿಗೆ ಕಂಪ್ಯೂಟರ್ ಹಾಕಿಕೊಟ್ಟ ಹುಡುಗನ ಹೆಸರಲ್ಲೇ ಮೊದಲ ಖಾತೆ ಇದ್ದರೆ, ಅವನು ಬೆಂಗಳೂರು ಸೇರಿ ವರ್ಷವಾಗಿದ್ದರೂ ಪ್ರಿಂಟರಿನ ಯಜಮಾನ ಅವನೇ.

ಒಬ್ಬರನ್ನು ಎಲ್‌ಪಿಅಡ್ಮಿನ್‌ಗೆ ಸೇರಿಸುವುದು

ಯಜಮಾನರ ಖಾತೆ ಆ ಪಟ್ಟಿಯಲ್ಲಿ ಇಲ್ಲದಿದ್ದರೆ ಮೊದಲು ಅದನ್ನು ಸೇರಿಸಿ:

ಸುಡೊ ಆಡ್‌ಯೂಸರ್ ಆಫೀಸ್ ಎಲ್‌ಪಿಅಡ್ಮಿನ್

ಮೊದಲು ಖಾತೆಯ ಹೆಸರು, ಆಮೇಲೆ ಗುಂಪಿನ ಹೆಸರು. ‘ಆಡ್‌ಯೂಸರ್’ನಲ್ಲಿ ಡಿ ಎರಡು ಸಲ ಬರುತ್ತದೆ. ಡೆಬಿಯನ್ ಬಳಗದಲ್ಲಿ ನಾನು ಈ ರೂಪವನ್ನೇ ಹೇಳುವುದು. ಇದರಲ್ಲಿ ಹಾಳು ಮಾಡಿಕೊಳ್ಳಲು ಅವಕಾಶ ಕಡಿಮೆ.

ಎಲ್ಲ ಲಿನಕ್ಸ್‌ನಲ್ಲೂ ನಡೆಯುವ ಇನ್ನೊಂದು ರೂಪ ಇದೆ:

ಸುಡೊ ಯೂಸರ್‌ಮಾಡ್ -ಎಜಿ ಎಲ್‌ಪಿಅಡ್ಮಿನ್ ಆಫೀಸ್

ಇಲ್ಲಿ ಎ ಸಣ್ಣಕ್ಷರ, ಜಿ ದೊಡ್ಡಕ್ಷರ. ಆ ಎ ಬಿಟ್ಟು ಬರೀ ಜಿ ಹಾಕಿದರೆ ಕಥೆ ಮುಗಿಯಿತು. ಖಾತೆಯನ್ನು ಉಳಿದೆಲ್ಲ ಹೆಚ್ಚುವರಿ ಗುಂಪುಗಳಿಂದ ಕಿತ್ತು ಇದೊಂದರಲ್ಲೇ ಇಡುತ್ತದೆ. ಸುಡೊ ಗುಂಪಿನಿಂದಲೂ ಕಿತ್ತು ಹಾಕುತ್ತದೆ. ಯಂತ್ರದಲ್ಲಿ ಅದೊಂದೇ ಅಡ್ಮಿನ್ ಖಾತೆ ಆಗಿದ್ದರೆ ಮತ್ತೆ ಸರಿಮಾಡಲು ರಿಕವರಿ ಮೋಡ್‌ಗೆ ಹೋಗಬೇಕಾಗುತ್ತದೆ. ಅರ್ಧ ದಿನದ ಕೆಲಸ ಸುಮ್ನೆ ಹಾಳು.

ಸೇರಿಸಿದ ಮೇಲೆ ಲಾಗ್‌ಔಟ್ ಆಗಿ ಮತ್ತೆ ಬನ್ನಿ. ‘ಐಡಿ’ ಎಂದು ಮಾತ್ರ ಹೊಡೆದರೆ ಈಗಿನ ಸೆಷನ್‌ನ ಗುಂಪುಗಳು ಕಾಣುತ್ತವೆ. ‘ಐಡಿ ಆಫೀಸ್’ ಎಂದು ಹೆಸರು ಸೇರಿಸಿದರೆ ಕಡತದಲ್ಲಿ ಬರೆದಿರುವುದು ಕಾಣುತ್ತದೆ. ಎರಡರಲ್ಲೂ ಒಂದೇ ಉತ್ತರ ಬಂದರೆ ಸರಿಯಾಯಿತು ಅಂತ.

ಈಗ ಬ್ರೌಸರ್‌ನಲ್ಲಿ ‘ಲೋಕಲ್‌ಹೋಸ್ಟ್:631’ ತೆರೆಯಿರಿ. ಕಪ್ಸ್‌ನ ಪುಟ ಬರುತ್ತದೆ. ‘ಅಡ್ಮಿನಿಸ್ಟ್ರೇಷನ್’ ಒತ್ತಿದರೆ ಹೆಸರು, ಪಾಸ್‌ವರ್ಡ್ ಕೇಳುತ್ತದೆ. ಇಲ್ಲಿ ‘ರೂಟ್’ (ಯಂತ್ರದ ಪೂರ್ತಿ ಅಧಿಕಾರ ಇರುವ ಖಾತೆ) ಎಂದು ಹಾಕುವವರು ತುಂಬಾ ಜನ. ಉಬುಂಟುವಿನಲ್ಲಿ ರೂಟ್‌ಗೆ ಪಾಸ್‌ವರ್ಡೇ ಇರುವುದಿಲ್ಲ, ಎಷ್ಟು ಸಲ ಹೊಡೆದರೂ ಒಳಗೆ ಬಿಡುವುದಿಲ್ಲ. ಗುಂಪಿಗೆ ಸೇರಿದ ನಿಮ್ಮದೇ ಖಾತೆಯ ಹೆಸರು, ಅದರ ಪಾಸ್‌ವರ್ಡ್ ಹಾಕಿ. ಪಾಸ್‌ವರ್ಡ್ ಇಲ್ಲದ ಖಾತೆ ಇಲ್ಲಿ ನಡೆಯುವುದಿಲ್ಲ, ಖಾಲಿ ಪಾಸ್‌ವರ್ಡನ್ನು ಕಪ್ಸ್ ಒಪ್ಪುವುದೇ ಇಲ್ಲ. ಕೌಂಟರ್ ಯಂತ್ರಗಳಲ್ಲಿ ಖಾಲಿ ಪಾಸ್‌ವರ್ಡ್ ಮಾಮೂಲಿ ಆದ್ದರಿಂದ ಇದನ್ನು ನೆನಪಿಡಿ.

ಹಾಗಾದರೆ ಕೌಂಟರ್‌ನವರನ್ನೂ ಇದಕ್ಕೇ ಸೇರಿಸಿದರೆ ಆಯಿತಲ್ವಾ?

ಸೇರಿಸಬಹುದು. ಸುಡೊ ಕೊಡುವುದಕ್ಕಿಂತ ಎಷ್ಟೋ ವಾಸಿ. ಮನೆಯ ಕಂಪ್ಯೂಟರ್ ಆದರೆ ಇಷ್ಟು ಸಾಕು, ಮುಂದಿನದನ್ನು ಓದಬೇಕಾಗಿಯೇ ಇಲ್ಲ.

ಆದರೆ ಎಲ್‌ಪಿಅಡ್ಮಿನ್ ಸಣ್ಣ ಅಧಿಕಾರವೇನಲ್ಲ. ಆ ಗುಂಪಿನವರು ಪ್ರಿಂಟರನ್ನು ಪೂರ್ತಿ ಅಳಿಸಬಹುದು, ಬೇರೆ ವಿಳಾಸಕ್ಕೆ ತಿರುಗಿಸಬಹುದು, ವೆಬ್ ಪುಟದಿಂದಲೇ ಕಪ್ಸ್‌ನ ಸಂರಚನಾ ಕಡತ ತಿದ್ದಬಹುದು. 2012ರಲ್ಲಿ ಇದೇ ತೊಂದರೆಯಾಗಿತ್ತು. ಎಲ್‌ಪಿಅಡ್ಮಿನ್ ಸದಸ್ಯರೊಬ್ಬರು ಆ ಕಡತದಲ್ಲಿ ದಾರಿ ಬದಲಿಸಿ ರೂಟ್‌ಗೆ ಮಾತ್ರ ಸೇರಿದ ಕಡತಗಳನ್ನು ಓದಿಬಿಡಬಹುದು ಎಂದು ಗೊತ್ತಾಯಿತು. ಭದ್ರತಾ ದೋಷಗಳ ಪಟ್ಟಿಯಲ್ಲಿ ಸಿವಿಇ-2012-5519 ಎಂದು ಅದಕ್ಕೆ ನಂಬರು. ಅದಾದ ಮೇಲೆಯೇ ಕಪ್ಸ್‌ನ ಸಂರಚನೆಯನ್ನು ಎರಡು ಕಡತವಾಗಿ ಒಡೆದದ್ದು. ಅಪಾಯದ ಸಂಗತಿಗಳು ‘ಕಪ್ಸ್-ಫೈಲ್ಸ್.ಕಾನ್ಫ್’ಗೆ ಹೋದವು, ಅದನ್ನು ವೆಬ್ ಪುಟದಿಂದ ಮುಟ್ಟಲಾಗದು. ಉಳಿದದ್ದು ‘ಕಪ್ಸ್‌ಡಿ.ಕಾನ್ಫ್’ನಲ್ಲಿ ಉಳಿಯಿತು. ಸಿಸ್ಟಮ್‌ಗ್ರೂಪ್ ಸಾಲು ಮೊದಲನೆಯದರಲ್ಲಿ ಇರುವುದೂ ಇದಕ್ಕೇ.

ತೂತು ಮುಚ್ಚಿದ್ದಾರೆ, ಸರಿ. ಆದರೂ ಆರು ತಿಂಗಳಿಗೊಮ್ಮೆ ಬದಲಾಗುವ ಕೆಲಸದವರಿಗೆ ಪ್ರಿಂಟರ್ ಅಳಿಸುವ ಅಧಿಕಾರ ಯಾಕೆ? ಅವರಿಗೆ ಬೇಕಾದದ್ದು ಎರಡೇ: ನಿಂತದ್ದನ್ನು ಓಡಿಸುವುದು, ಸಿಕ್ಕಿಹಾಕಿಕೊಂಡ ಜಾಬ್ ತೆಗೆಯುವುದು.

ಮಧ್ಯದ ಮೆಟ್ಟಿಲು ಕಟ್ಟುವುದು

ಇಲ್ಲಿ ನಿಧಾನವಾಗಿ ಬನ್ನಿ, ಈ ಬರಹದ ಮುಖ್ಯ ಭಾಗ ಇದೇ. ಯಜಮಾನರ ಖಾತೆಯಲ್ಲಿ, ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತಲ್ಲಿ ಮಾಡಿ.

1. ಹೊಸ ಗುಂಪು ಮಾಡಿ. ಹೆಸರು ‘ಪ್ರಿಂಟ್‌ಆಪ್ಸ್’ ಅಂತಿಡೋಣ, ಒಂದೇ ಪದ, ಎಲ್ಲ ಸಣ್ಣಕ್ಷರ.

ಸುಡೊ ಆಡ್‌ಗ್ರೂಪ್ ಪ್ರಿಂಟ್‌ಆಪ್ಸ್
ಸುಡೊ ಆಡ್‌ಯೂಸರ್ ಕೌಂಟರ್ ಪ್ರಿಂಟ್‌ಆಪ್ಸ್

2. ಕಡತದ ನಕಲು ತೆಗೆದಿಡಿ. ಇದನ್ನು ಬಿಡಬೇಡಿ.

ಸುಡೊ ಸಿಪಿ /ಇಟಿಸಿ/ಕಪ್ಸ್/ಕಪ್ಸ್‌ಡಿ.ಕಾನ್ಫ್ /ಇಟಿಸಿ/ಕಪ್ಸ್/ಕಪ್ಸ್‌ಡಿ.ಹಳೆ

ಕೊನೆಯ ‘ಹಳೆ’ ಬದಲು ನಿಮಗೆ ನೆನಪಿರುವ ಯಾವ ಹೆಸರಾದರೂ ಸರಿ.

3. ಕಡತ ತೆರೆಯಿರಿ.

ಸುಡೊ ನ್ಯಾನೊ /ಇಟಿಸಿ/ಕಪ್ಸ್/ಕಪ್ಸ್‌ಡಿ.ಕಾನ್ಫ್

4. ಕೆಳಗೆ ಹೋಗುತ್ತಾ ‘ಪಾಲಿಸಿ ಡೀಫಾಲ್ಟ್’ ಎಂದು ಶುರುವಾಗುವ ಭಾಗ ಹುಡುಕಿ. ಅದರ ನಂತರ ‘ಅಥೆಂಟಿಕೇಟೆಡ್’, ‘ಕರ್ಬೆರೋಸ್’ ಎಂಬ ಇನ್ನೆರಡು ಪಾಲಿಸಿಗಳು ಹೆಚ್ಚುಕಡಿಮೆ ಅವೇ ಸಾಲುಗಳಲ್ಲಿ ಬರುತ್ತವೆ. ಅವುಗಳನ್ನು ತಿದ್ದಿದರೆ ಏನೂ ಆಗುವುದಿಲ್ಲ, ಯಾಕೆಂದರೆ ಪ್ರಿಂಟರ್ ಬಳಸುವುದು ಡೀಫಾಲ್ಟ್ ಪಾಲಿಸಿಯನ್ನು. ‘ಎಲ್ಲ ಸರಿ ಮಾಡಿದೆ, ಆದರೂ ಆಗ್ತಿಲ್ಲ’ ಎನ್ನುವವರ ಕಡತ ತೆರೆದರೆ ಬಹಳ ಸಲ ತಪ್ಪಿರುವುದು ಈ ಜಾಗದಲ್ಲೇ.

5. ಡೀಫಾಲ್ಟ್ ಪಾಲಿಸಿಯ ಒಳಗೆ ‘ಲಿಮಿಟ್’ ಎಂಬ ಹಲವು ತುಂಡುಗಳಿವೆ. ಪ್ರತಿ ತುಂಡೂ ಕೆಲವು ಕೆಲಸಗಳ ಹೆಸರು ಹೇಳಿ, ಅದನ್ನು ಯಾರು ಮಾಡಬಹುದು ಎಂದು ಹೇಳುತ್ತದೆ. ‘ಪಾಜ್-ಪ್ರಿಂಟರ್ ರೆಸ್ಯೂಮ್-ಪ್ರಿಂಟರ್ ಎನೇಬಲ್-ಪ್ರಿಂಟರ್’ ಎಂದು ಶುರುವಾಗುವ ಉದ್ದದ ತುಂಡು ನಮಗೆ ಬೇಕಾದದ್ದು. ಅದರೊಳಗೆ ಈ ಸಾಲು ಇರುತ್ತದೆ:

ರಿಕ್ವೈರ್ ಯೂಸರ್ @ಸಿಸ್ಟಮ್

‘ಸಿಸ್ಟಮ್’ ಪೂರ್ತಿ ದೊಡ್ಡಕ್ಷರದಲ್ಲಿರುತ್ತದೆ. ಆ ಸಾಲನ್ನು ಹೀಗೆ ಮಾಡಿ:

ರಿಕ್ವೈರ್ ಯೂಸರ್ @ಸಿಸ್ಟಮ್ @ಪ್ರಿಂಟ್‌ಆಪ್ಸ್

ಹೆಸರಿನ ಮುಂದೆ @ ಇದ್ದರೆ ಗುಂಪು, ಇಲ್ಲದಿದ್ದರೆ ಒಬ್ಬ ಬಳಕೆದಾರ. ಮಧ್ಯೆ ಬರೀ ಜಾಗ, ಅಲ್ಪವಿರಾಮ ಬೇಡ.

6. ಅದರ ಕೆಳಗೆ ‘ಕ್ಯಾನ್ಸಲ್-ಜಾಬ್’ ಇರುವ ತುಂಡು ನೋಡಿ. ಅಲ್ಲಿ ‘@ಓನರ್ @ಸಿಸ್ಟಮ್’ ಎಂದಿರುತ್ತದೆ. ಕೌಂಟರ್‌ನವರು ಬೇರೆಯವರ ಜಾಬ್ ರದ್ದು ಮಾಡಬೇಕಿದ್ದರೆ ಅಲ್ಲಿಯೂ ‘@ಪ್ರಿಂಟ್‌ಆಪ್ಸ್’ ಸೇರಿಸಿ. ಮಳೆಗಾಲದಲ್ಲಿ ಇದು ಬೇಕೇ ಬೇಕು. ಥಂಡಿ ಹೀರಿದ ಕಾಗದ ಎರಡೆರಡು ಒಟ್ಟಿಗೆ ಹೋಗಿ ಜಾಮ್ ಆಗುತ್ತದೆ, ಯಾರದೋ ಐವತ್ತು ಪುಟದ ಜಾಬ್ ಮಧ್ಯದಲ್ಲಿ ಸಿಕ್ಕಿಕೊಂಡಿರುತ್ತದೆ. (ಕಾಗದದ ಬಂಡಲ್ ಒಡೆದ ಮೇಲೆ ಪ್ಲಾಸ್ಟಿಕ್ ಡಬ್ಬದಲ್ಲಿ ಮುಚ್ಚಿಡಿ. ಅರ್ಧ ಜಾಮ್ ಅಲ್ಲೇ ನಿಲ್ಲುತ್ತದೆ.)

7. ‘ಕಪ್ಸ್-ಆಡ್-ಮಾಡಿಫೈ-ಪ್ರಿಂಟರ್’ ಎಂದು ಶುರುವಾಗುವ ತುಂಡನ್ನು ಮುಟ್ಟಬೇಡಿ. ಪ್ರಿಂಟರ್ ಸೇರಿಸುವ, ಅಳಿಸುವ ಹಕ್ಕು ಅಲ್ಲಿದೆ.

8. ಇನ್ನೊಂದು ಜಾಗ ಉಳಿದಿದೆ, ಬಹಳ ಜನ ಇದನ್ನು ಬಿಟ್ಟುಬಿಡುತ್ತಾರೆ. ಕಡತದಲ್ಲಿ ಸ್ವಲ್ಪ ಮೇಲೆ ‘ಲೊಕೇಷನ್ /ಅಡ್ಮಿನ್’ ಎಂಬ ಭಾಗ ಇದೆ. ಪ್ರಿಂಟರ್ ಓಡಿಸುವ ಕಮಾಂಡ್ ಕಪ್ಸ್ ಹತ್ತಿರ ಹೋಗುವುದೇ ಈ ದಾರಿಯಿಂದ. ಅಲ್ಲಿಯೂ ‘ರಿಕ್ವೈರ್ ಯೂಸರ್ @ಸಿಸ್ಟಮ್’ ಎಂದಿದ್ದರೆ, ಪಾಲಿಸಿ ಒಪ್ಪಿದರೂ ಇಲ್ಲೇ ತಡೆದುಬಿಡುತ್ತದೆ. ಹಾಗಾಗಿ ಇಲ್ಲಿಯೂ ‘@ಪ್ರಿಂಟ್‌ಆಪ್ಸ್’ ಸೇರಿಸಿ. ಆ ಸಾಲೇ ಇಲ್ಲದಿದ್ದರೆ ಹಾಗೇ ಬಿಡಿ. ಕೆಳಗಿನ ‘/ಅಡ್ಮಿನ್/ಕಾನ್ಫ್’ ಮತ್ತು ‘/ಅಡ್ಮಿನ್/ಲಾಗ್’ ಭಾಗಗಳು ಇದ್ದ ಹಾಗೇ ಇರಲಿ. ಸಂರಚನೆ ತಿದ್ದುವ, ಲಾಗ್ ಓದುವ ಹಕ್ಕನ್ನು ಕಾಯುವುದು ಅವೇ.

9. ಉಳಿಸಿ ಹೊರಬನ್ನಿ. ಕಪ್ಸ್ ಮತ್ತೆ ಶುರು ಮಾಡುವ ಮೊದಲು ಕಡತ ಸರಿ ಇದೆಯಾ ಅಂತ ಕೇಳಿ:

ಸುಡೊ ಕಪ್ಸ್‌ಡಿ -ಟಿ

ಸರಿ ಇದ್ದರೆ ‘ಓಕೆ’ ಅನ್ನುತ್ತದೆ. ತಪ್ಪಿದ್ದರೆ ಯಾವ ಸಾಲು ಎಂದು ಹೇಳುತ್ತದೆ. ಆಮೇಲೆ:

ಸುಡೊ ಸಿಸ್ಟಮ್‌ಸಿಟಿಎಲ್ ರೀಸ್ಟಾರ್ಟ್ ಕಪ್ಸ್

ನಂಬಬೇಡಿ, ಪರೀಕ್ಷೆ ಮಾಡಿ

ಕೌಂಟರ್ ಖಾತೆಗೆ ಲಾಗಿನ್ ಆಗಿ. ಮೊದಲು ಆಗಬೇಕಾದದ್ದು ಆಗುತ್ತದಾ ನೋಡಿ:

/ಯುಎಸ್‌ಆರ್/ಎಸ್‌ಬಿನ್/ಕಪ್ಸ್‌ಡಿಸೇಬಲ್ ಲೇಸರ್1
ಎಲ್‌ಪಿಸ್ಟ್ಯಾಟ್ -ಪಿ ಲೇಸರ್1
/ಯುಎಸ್‌ಆರ್/ಎಸ್‌ಬಿನ್/ಕಪ್ಸ್‌ಎನೇಬಲ್ ಲೇಸರ್1

ಮೊದಲನೆಯದು ನಿಲ್ಲಿಸುತ್ತದೆ, ಎರಡನೆಯದು ‘ಡಿಸೇಬಲ್ಡ್’ ಎಂದು ತೋರಿಸುತ್ತದೆ, ಮೂರನೆಯದು ಓಡಿಸುತ್ತದೆ. ಪೂರ್ತಿ ದಾರಿ ಬರೆಯಲು ಕಾರಣ ಇದೆ. ಡೆಬಿಯನ್‌ನಲ್ಲಿ ಮಾಮೂಲು ಖಾತೆಗಳಿಗೆ ಎಸ್‌ಬಿನ್ ಫೋಲ್ಡರಿನ ಕಮಾಂಡ್‌ಗಳು ಬರೀ ಹೆಸರಿಗೆ ಸಿಗುವುದಿಲ್ಲ. ‘ಕಮಾಂಡ್ ನಾಟ್ ಫೌಂಡ್’ ಅಂದರೆ ಅನುಮತಿ ಇಲ್ಲ ಅಂತಲ್ಲ, ಅದರ ಕಣ್ಣಿಗೆ ಬಿದ್ದಿಲ್ಲ ಅಂತ ಅಷ್ಟೇ.

ಈಗ ಆಗಬಾರದ್ದು ಆಗುವುದಿಲ್ಲ ಅಂತ ನೋಡಿ. ಇದಕ್ಕೆ ಪ್ರಿಂಟರ್ ಅಳಿಸುವ ಕಮಾಂಡ್ ಹೊಡೆದು ನೋಡಬೇಡಿ. ನಿಮ್ಮ ತಿದ್ದುಪಡಿ ತಪ್ಪಿದ್ದರೆ ನಿಜವಾಗಿಯೂ ಅಳಿಸಿ ಹೋಗುತ್ತದೆ! ವಿವರಣೆ ಬದಲಿಸಿ ನೋಡಿ, ಅದೂ ಅದೇ ಹಕ್ಕಿನ ಅಡಿ ಬರುತ್ತದೆ:

/ಯುಎಸ್‌ಆರ್/ಎಸ್‌ಬಿನ್/ಎಲ್‌ಪಿಅಡ್ಮಿನ್ -ಪಿ ಲೇಸರ್1 -ಡಿ ಪರೀಕ್ಷೆ

ಇಲ್ಲಿ ಪಿ ಸಣ್ಣದು, ಡಿ ದೊಡ್ಡದು. ಪಾಸ್‌ವರ್ಡ್ ಕೇಳಿದರೆ ಕೌಂಟರ್ ಖಾತೆಯದ್ದೇ ಹಾಕಿ. ‘ಫರ್ಬಿಡನ್’ ಬಂದರೆ ಅಥವಾ ಮತ್ತೆ ಮತ್ತೆ ಪಾಸ್‌ವರ್ಡ್ ಕೇಳುತ್ತಲೇ ಇದ್ದರೆ ಸರಿ. ಸುಮ್ಮನೆ ಒಪ್ಪಿಕೊಂಡರೆ ಏಳನೇ ಹೆಜ್ಜೆಯ ತುಂಡನ್ನೂ ತಿದ್ದಿದ್ದೀರಿ ಅಂತ ಅರ್ಥ.

ಯಂತ್ರದ ಎದುರೇ ಕೂತು ಟರ್ಮಿನಲ್‌ನಿಂದ ಕೇಳಿದಾಗ, ಯಾರು ಕೇಳುತ್ತಿದ್ದಾರೆ ಅಂತ ಕಪ್ಸ್‌ಗೆ ಸಾಮಾನ್ಯವಾಗಿ ತಾನಾಗಿಯೇ ಗೊತ್ತಾಗುತ್ತದೆ, ಪಾಸ್‌ವರ್ಡ್ ಬೇಕಾಗುವುದಿಲ್ಲ. ಹಾಗಾಗಿ ಕೌಂಟರ್‌ನ ಡೆಸ್ಕ್‌ಟಾಪ್ ಮೇಲೆ ಆ ‘ಕಪ್ಸ್‌ಎನೇಬಲ್’ ಸಾಲನ್ನು ಓಡಿಸುವ ಒಂದು ಲಾಂಚರ್ ಮಾಡಿ ‘ಪ್ರಿಂಟರ್ ಶುರು’ ಅಂತ ಕನ್ನಡದಲ್ಲೇ ಹೆಸರಿಟ್ಟುಬಿಡಿ. ಖಾಲಿ ಪಾಸ್‌ವರ್ಡಿನ ಖಾತೆಗೂ ಇದು ನಡೆಯುತ್ತದೆ. ಟರ್ಮಿನಲ್ ಕಂಡರೆ ಹೆದರುವವರೂ ಡಬಲ್ ಕ್ಲಿಕ್ ಮಾಡಲು ಹೆದರುವುದಿಲ್ಲ.

ಒಂದು ಎಚ್ಚರಿಕೆ. 631ರ ವೆಬ್ ಪುಟದಲ್ಲಿ ‘ಸರ್ವರ್ ಸೆಟ್ಟಿಂಗ್ಸ್’ ಕೆಳಗಿನ ಚೌಕಗಳಿಗೆ ಟಿಕ್ ಹಾಕಿ ಉಳಿಸಿದರೆ ಕಪ್ಸ್ ಈ ಕಡತವನ್ನು ತಾನೇ ಮತ್ತೆ ಬರೆಯುತ್ತದೆ. ಅದಾದ ಮೇಲೆ ನಿಮ್ಮ ತಿದ್ದುಪಡಿಗಳು ಉಳಿದಿವೆಯಾ ಅಂತ ಇನ್ನೊಮ್ಮೆ ನೋಡಿ.

ಪ್ರಿಂಟರ್ ನಿಲ್ಲದಂತೆಯೇ ಮಾಡಿದರೆ?

ಅನುಮತಿ ಕೊಡುವುದಕ್ಕಿಂತ ಅನುಮತಿಯ ಅಗತ್ಯವೇ ಬಾರದಂತೆ ಮಾಡುವುದು ಇನ್ನೂ ಒಳ್ಳೆಯದು. ಪ್ರಿಂಟರ್ ಕೈಕೊಟ್ಟಾಗ ಏನು ಮಾಡಬೇಕು ಎಂಬುದಕ್ಕೆ ಕಪ್ಸ್‌ನಲ್ಲಿ ‘ಎರರ್ ಪಾಲಿಸಿ’ ಇದೆ. ಮೂಲ ಕಪ್ಸ್‌ನ ಡೀಫಾಲ್ಟ್ ‘ಸ್ಟಾಪ್-ಪ್ರಿಂಟರ್’, ಅಂದರೆ ಪ್ರಿಂಟರನ್ನೇ ನಿಲ್ಲಿಸಿ ಕೂರುವುದು. ಕೆಲವು ಲಿನಕ್ಸ್‌ಗಳು ಇದನ್ನು ಬದಲಿಸಿಯೇ ಕೊಡುತ್ತವೆ. ನಿಮ್ಮದರಲ್ಲಿ ಏನಿದೆ ಅಂತ ಈ ಸಾಲಿನ ಉತ್ತರದಲ್ಲಿ ಹುಡುಕಿ:

ಸುಡೊ ಗ್ರೆಪ್ ಎರರ್‌ಪಾಲಿಸಿ /ಇಟಿಸಿ/ಕಪ್ಸ್/ಪ್ರಿಂಟರ್ಸ್.ಕಾನ್ಫ್

ಇಲ್ಲಿ ‘ಎರರ್‌ಪಾಲಿಸಿ’ ಒಂದೇ ಪದ, ಇ ಮತ್ತು ಪಿ ದೊಡ್ಡಕ್ಷರ. ಅದರ ಎದುರು ‘ಸ್ಟಾಪ್-ಪ್ರಿಂಟರ್’ ಇದ್ದರೆ ಬದಲಿಸಿ:

ಸುಡೊ ಎಲ್‌ಪಿಅಡ್ಮಿನ್ -ಪಿ ಲೇಸರ್1 -ಓ ಪ್ರಿಂಟರ್-ಎರರ್-ಪಾಲಿಸಿ=ರೀಟ್ರೈ-ಜಾಬ್

ಈಗ ಕರೆಂಟ್ ಹೋದರೆ ಕಪ್ಸ್ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಪ್ರಯತ್ನಿಸುತ್ತದೆ, ಪ್ರಿಂಟರನ್ನು ನಿಲ್ಲಿಸುವುದಿಲ್ಲ. ಆದರೆ ಅರ್ಧ ಮುದ್ರಿಸಿದ ಜಾಬ್ ಮೊದಲಿನಿಂದ ಶುರುವಾಗಬಹುದು. ಕಾಗದ ದಂಡವಾಗುವುದು ಬೇಡ ಎನ್ನುವವರು ‘ಅಬಾರ್ಟ್-ಜಾಬ್’ ಹಾಕಿ, ಆ ಜಾಬ್ ಬಿಟ್ಟು ಮುಂದಿನದಕ್ಕೆ ಹೋಗುತ್ತದೆ. ಆಗುಂಬೆ, ಹೊಸನಗರದ ಕಡೆ ದಿನಕ್ಕೆ ಹತ್ತಾರು ಸಲ ಕರೆಂಟ್ ಕಣ್ಣುಮುಚ್ಚಾಲೆ ಆಡುವ ಜಾಗಕ್ಕೆ ನನ್ನ ಆಯ್ಕೆ ಮೊದಲನೆಯದೇ.

ಕಲರ್ ಪ್ರಿಂಟರ್ ಎಲ್ಲರಿಗೂ ಬೇಡ ಎಂದರೆ

ಇದು ಚಿಕ್ಕದು. ಒಂದು ಪ್ರಿಂಟರನ್ನು ಕೆಲವರಿಗೆ ಮಾತ್ರ ಬಿಡಬೇಕಾದರೆ:

ಸುಡೊ ಎಲ್‌ಪಿಅಡ್ಮಿನ್ -ಪಿ ಕಲರ್1 -ಯು ಅಲೌ:ಆಫೀಸ್

ಮತ್ತೆ ಎಲ್ಲರಿಗೂ ಬಿಡಲು ‘ಅಲೌ:ಆಲ್’. ಆದರೆ ಇದರ ಮೇಲೆ ಜಾಸ್ತಿ ಭರವಸೆ ಇಡಬೇಡಿ. ಡೀಫಾಲ್ಟ್ ಪಾಲಿಸಿಯಲ್ಲಿ ಪ್ರಿಂಟ್ ಕೊಡುವವರು ಹೇಳಿದ ಹೆಸರನ್ನೇ ಕಪ್ಸ್ ನಂಬುತ್ತದೆ, ಪಾಸ್‌ವರ್ಡ್ ಕೇಳುವುದಿಲ್ಲ. ಗೊತ್ತಿದ್ದವರು ಇನ್ನೊಬ್ಬರ ಹೆಸರು ಹೇಳಿ ಪ್ರಿಂಟ್ ತೆಗೆಯಬಹುದು. ತಪ್ಪಿ ಕಲರ್‌ಗೆ ಹೋಗುವುದನ್ನು ಇದು ತಪ್ಪಿಸುತ್ತದೆ, ಬೇಕೆಂದೇ ಮಾಡುವವರನ್ನು ಅಲ್ಲ.

ಫೆಡೋರಾ, ಆರ್ಚ್ ಬಳಸುವವರಿಗೆ

ಅಲ್ಲಿ ಎಲ್‌ಪಿಅಡ್ಮಿನ್ ಎಂಬ ಗುಂಪು ಸಾಮಾನ್ಯವಾಗಿ ಇರುವುದಿಲ್ಲ. ಸಿಸ್ಟಮ್‌ಗ್ರೂಪ್ ಸಾಲಿನಲ್ಲಿ ‘ಸಿಸ್’, ‘ರೂಟ್’, ‘ವೀಲ್’ ಇಂಥ ಹೆಸರುಗಳು ಕಾಣುತ್ತವೆ. ‘ವೀಲ್’ ಅಂದರೆ ಅಲ್ಲಿ ಸುಡೊ ಗುಂಪು ಇದ್ದ ಹಾಗೆ. ಕೆಲಸದವರನ್ನು ಅದಕ್ಕೆ ಸೇರಿಸುವುದು ಬೇಡವೇ ಬೇಡ. ಮೇಲೆ ಹೇಳಿದ ಪ್ರಿಂಟ್‌ಆಪ್ಸ್ ಹೆಜ್ಜೆಗಳು ಅಲ್ಲೂ ಹಾಗೇ ನಡೆಯುತ್ತವೆ. ಗುಂಪು ಮಾಡಲು ‘ಗ್ರೂಪ್‌ಆಡ್’, ಸೇರಿಸಲು ‘ಯೂಸರ್‌ಮಾಡ್ -ಎಜಿ’ ಬಳಸಿ.

ಸಿಸ್ಟಮ್‌ಗ್ರೂಪ್ ಸಾಲಿಗೆ ನೀವೇ ಗುಂಪು ಸೇರಿಸುವುದಾದರೆ ‘ಎಲ್‌ಪಿ’ಯನ್ನು ಮಾತ್ರ ಹಾಕಬೇಡಿ. ತಾನು ಓಡುವ ಗುಂಪು ಮತ್ತು ನಿರ್ವಹಣೆಯ ಗುಂಪು ಒಂದೇ ಆಗುವುದನ್ನು ಕಪ್ಸ್ ಒಪ್ಪುವುದಿಲ್ಲ, ಶುರುವಾಗಲು ನಿರಾಕರಿಸುತ್ತದೆ.

ಕೈಕೊಟ್ಟಾಗ ಎಲ್ಲಿ ನೋಡಬೇಕು

ಟರ್ಮಿನಲ್‌ನಲ್ಲಿ ಆಗುತ್ತದೆ, ಆದರೆ ಸೆಟ್ಟಿಂಗ್ಸ್ ಕಿಟಕಿಯಲ್ಲಿ ಪ್ರಿಂಟರ್ ಒತ್ತಿದರೆ ಅಡ್ಮಿನ್ ಪಾಸ್‌ವರ್ಡ್ ಕೇಳುತ್ತದೆ. ಇದು ತಪ್ಪಲ್ಲ. ಗ್ನೋಮ್‌ನ ಆ ಕಿಟಕಿ ಕಪ್ಸ್ ಹತ್ತಿರ ನೇರ ಹೋಗದೆ ‘ಪೋಲ್‌ಕಿಟ್’ ಎಂಬ ಬೇರೆ ವ್ಯವಸ್ಥೆಯ ಮೂಲಕ ಹೋಗುತ್ತದೆ. ಅದಕ್ಕೆ ಅದರದ್ದೇ ನಿಯಮ. ಕಪ್ಸ್‌ನ ಅನುಮತಿ ಸರಿ ಇದೆಯಾ ಅಂತ ತಿಳಿಯಲು ಟರ್ಮಿನಲ್ ಅಥವಾ 631ರ ಪುಟದಲ್ಲೇ ಪರೀಕ್ಷೆ ಮಾಡಿ.

ಕೌಂಟರ್‌ನವರಿಗೆ ಬೇರೆಯವರ ಜಾಬ್‌ನ ಹೆಸರು ಕಾಣುತ್ತಿಲ್ಲವೇ? ಅದೂ ಡೀಫಾಲ್ಟೇ. ಯಾರ ಜಾಬ್, ಅದರ ಹೆಸರೇನು ಎಂಬುದನ್ನು ಕಪ್ಸ್ ಮುಚ್ಚಿಡುತ್ತದೆ. ನನ್ನ ಅಭಿಪ್ರಾಯದಲ್ಲಿ ಹಾಗೇ ಇರಲಿ. ಅಂಗಡಿಗೆ ಬಂದವರ ಆಸ್ಪತ್ರೆ ರಿಪೋರ್ಟು, ಜಮೀನು ಪತ್ರದ ಹೆಸರು ಎಲ್ಲರಿಗೂ ಕಾಣಬೇಕಿಲ್ಲ. ಜಾಬ್ ನಂಬರ್ ಇದ್ದರೆ ರದ್ದು ಮಾಡಲು ಸಾಕು.

ಉಳಿದ ಎಲ್ಲಕ್ಕೂ ಲಾಗ್ ನೋಡಿ:

ಸುಡೊ ಟೇಲ್ /ವಾರ್/ಲಾಗ್/ಕಪ್ಸ್/ಎರರ್_ಲಾಗ್

‘ವಾರ್’ ಅಂದರೆ ವಿ, ಎ, ಆರ್. ಅದರಲ್ಲಿ ಏನೂ ಸಿಗದಿದ್ದರೆ ‘ಸುಡೊ ಕಪ್ಸ್‌ಸಿಟಿಎಲ್ --ಡೀಬಗ್-ಲಾಗಿಂಗ್’ ಹೊಡೆದು, ತೊಂದರೆ ಮತ್ತೆ ಮಾಡಿಸಿ, ಲಾಗ್ ನೋಡಿ. ಕೆಲಸ ಮುಗಿದ ಮೇಲೆ ‘--ನೋ-ಡೀಬಗ್-ಲಾಗಿಂಗ್’ ಹಾಕಿ ಆರಿಸಿ, ಇಲ್ಲದಿದ್ದರೆ ಲಾಗ್ ಸುಮ್ನೆ ಊದುತ್ತಾ ಹೋಗುತ್ತದೆ. ಈ ಕಮಾಂಡ್ ಕೂಡ ಕಡತವನ್ನು ಮತ್ತೆ ಬರೆಯುವಂಥದ್ದೇ. ಹಾಗಾಗಿ ನಿಮ್ಮ ‘@ಪ್ರಿಂಟ್‌ಆಪ್ಸ್’ ಇದ್ದಲ್ಲೇ ಇದೆಯಾ ನೋಡಿ.

ಗುಂಪುಗಳನ್ನು ಇಷ್ಟು ಬಿಗಿ ಮಾಡಿದ ಮೇಲೆ ಹೊರಗಿನ ದಾರಿಯನ್ನೂ ಒಮ್ಮೆ ನೋಡಿಬಿಡಿ. 2024ರ ಸೆಪ್ಟೆಂಬರ್‌ನಲ್ಲಿ ‘ಕಪ್ಸ್-ಬ್ರೌಸ್ಡ್’ ಎಂಬ ಜೊತೆಯ ಸೇವೆಯಲ್ಲಿ ತೂತು ಸಿಕ್ಕಿತು. ಅದು ಯುಡಿಪಿ 631 ಎಂಬ ನೆಟ್‌ವರ್ಕ್ ಬಾಗಿಲಲ್ಲಿ ಬಂದವರ ಮಾತನ್ನೆಲ್ಲ ಕೇಳುತ್ತಿತ್ತು. ಯುಎಸ್‌ಬಿ ಪ್ರಿಂಟರ್ ಒಂದೇ ಇರುವ ಅಂಗಡಿಗೆ ಆ ಸೇವೆ ಬೇಕಾಗಿಲ್ಲ:

ಸುಡೊ ಸಿಸ್ಟಮ್‌ಸಿಟಿಎಲ್ ಡಿಸೇಬಲ್ --ನೌ ಕಪ್ಸ್-ಬ್ರೌಸ್ಡ್

ನೆಟ್‌ವರ್ಕ್ ಪ್ರಿಂಟರ್ ಇರುವವರು ಇದನ್ನು ಮಾಡಿದ ಮೇಲೆ ಒಂದು ಪುಟ ಪ್ರಿಂಟ್ ತೆಗೆದು ನೋಡಿ. ಪ್ರಿಂಟರ್ ಪಟ್ಟಿಯಿಂದ ಮಾಯವಾದರೆ ‘ಡಿಸೇಬಲ್’ ಇದ್ದಲ್ಲಿ ‘ಎನೇಬಲ್’ ಹಾಕಿ ವಾಪಸ್ ತನ್ನಿ, ತಂತ್ರಾಂಶ ಅಪ್‌ಡೇಟ್ ಆಗಿದೆಯಾ ಅಂತ ಮಾತ್ರ ಖಚಿತ ಮಾಡಿಕೊಳ್ಳಿ.

ಕೆಲಸದವರು ಬಿಟ್ಟು ಹೋದ ದಿನವೇ ಮಾಡಬೇಕಾದದ್ದು ಒಂದು ಸಾಲು:

ಸುಡೊ ಡೆಲ್‌ಯೂಸರ್ ಕೌಂಟರ್ ಪ್ರಿಂಟ್‌ಆಪ್ಸ್

ಗುಂಪಿನ ಹೆಸರು ಬಿಟ್ಟುಹೋದರೆ ಪೂರ್ತಿ ಖಾತೆಯೇ ಅಳಿಸಿಹೋಗುತ್ತದೆ, ಎಂಟರ್ ಒತ್ತುವ ಮೊದಲು ಸಾಲನ್ನು ಇನ್ನೊಮ್ಮೆ ಓದಿ. ಹೊಸಬರಿಗೆ ಹೊಸ ಖಾತೆ ಮಾಡಿ, ಅವರನ್ನು ಅದೇ ಗುಂಪಿಗೆ ಸೇರಿಸಿ. ಕಪ್ಸ್ ಕಡತವನ್ನು ಮತ್ತೆ ಮುಟ್ಟುವ ಕೆಲಸ ಇರುವುದಿಲ್ಲ.